ನೆರಳಿಗೆ ಮಲಗಿಸಿದವರು

ಅಡ್ಡರಸ್ತೆಯ ಮರದ ಬುಡದಲ್ಲಿ ಹಳದಿ ದೀಪದ ಕಂಬ ನೆಟ್ಟ ದಿನ ನಾವೆಲ್ಲ ನಕ್ಕೆವು. ದೀಪದ ಜೊತೆಗೆ ಮೂರು ಉಬ್ಬು, ಬಿಳಿ ಪಟ್ಟೆ, ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಎಂಬ ಫಲಕ. ಆ ರಸ್ತೆಯಲ್ಲಿ ದಿನಕ್ಕೆ ಹತ್ತು ಗಾಡಿ ಹೋದರೆ ಹೆಚ್ಚು. ಅದರಲ್ಲಿ ನಾಲ್ಕು ಸೈಕಲ್ಲು.

“ಮೇಸ್ತ್ರಿ, ಮರ ಎದ್ದು ಓಡಿಬಂದು ಯಾರಿಗಾದ್ರೂ ಗುದ್ದುತ್ತೆ ಅಂತ ಭಯ ಇರ್ಬೇಕು ಸರ್ಕಾರಕ್ಕೆ” ಎಂದ ಪಂಚರ್. ಅವನು ಮೂಲೆಯಲ್ಲಿ ಟೈರು ರಿಪೇರಿ ಮಾಡುವವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿದೆ.

ಮರದಿಂದ ಐವತ್ತು ಹೆಜ್ಜೆ ನಡೆದರೆ ಹೆದ್ದಾರಿ. ಅಲ್ಲಿ ದೀಪವೂ ಇಲ್ಲ, ಉಬ್ಬೂ ಇಲ್ಲ. ಹೋಗಲು ಎರಡು ಸಾಲು, ಬರಲು ಎರಡು ಸಾಲು, ನಡುವೆ ಮೊಣಕಾಲೆತ್ತರದ ಡಿವೈಡರ್. ಆಚೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ, ಈಚೆ ನಮ್ಮ ಮನೆಗಳು. ಬೆಳಿಗ್ಗೆ ಆರುನೂರು ಜನ ಡಿವೈಡರ್ ಹತ್ತಿ ಇಳಿದು ದಾಟುತ್ತಾರೆ, ಸಂಜೆ ಅಷ್ಟೇ ಜನ ವಾಪಸು. ನನ್ನ ಮಗಳು ಅವರಲ್ಲೊಬ್ಬಳು. ಹೋದ ವರ್ಷ ಲಾರಿಯ ಕನ್ನಡಿ ಬಡಿದು ಅವಳ ಬಲಗೈ ಮುರಿಯಿತು. ಈಗಲೂ ಅದು ಪೂರ್ತಿ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚುವಾಗ ಬಗ್ಗಿ, ತಲೆಯನ್ನೇ ಕೈಯ ಹತ್ತಿರಕ್ಕೆ ತರುತ್ತಾಳೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.

ಹೆದ್ದಾರಿಯ ಕೆಳಗೆ ಒಂದು ಅಂಡರ್‌ಪಾಸ್ ಬೇಕು. ಇಷ್ಟೇ ನಾವು ಆರು ವರ್ಷದಿಂದ ಕೇಳುತ್ತಿದ್ದದ್ದು. ಆ ಹೆದ್ದಾರಿ ಮೊದಲು ರಾಜ್ಯ ಸರ್ಕಾರದ್ದೇ ಆಗಿತ್ತು. ಮೂವತ್ತೊಂದು ವರ್ಷ ಅದರ ಗುಂಡಿ ಮುಚ್ಚಿದವನು ನಾನು, ಮೊದಲು ರಸ್ತೆ ಗ್ಯಾಂಗಿನ ಆಳಾಗಿ, ಆಮೇಲೆ ಮೇಸ್ತ್ರಿಯಾಗಿ. ಅಗಲ ಮಾಡುವಾಗ ಕೇಂದ್ರ ಸರ್ಕಾರ ಅದನ್ನು ತೆಗೆದುಕೊಂಡಿತು, ಅಡ್ಡರಸ್ತೆ ರಾಜ್ಯಕ್ಕೆ ಉಳಿಯಿತು. ರಾಜ್ಯದವರಿಗೆ ಅರ್ಜಿ ಕೊಟ್ಟರೆ “ಕೇಂದ್ರದ ಜಾಗದಲ್ಲಿ ನಾವು ಹಾರೆ ಊರುವ ಹಾಗಿಲ್ಲ” ಎಂದರು. ಕೇಂದ್ರದವರಿಗೆ ಕೊಟ್ಟರೆ “ಅಪಾಯದ ಜಾಗಗಳ ಪಟ್ಟಿಯಲ್ಲಿ ಇದು ಇಲ್ಲ” ಎಂದರು. ಮೂರು ವರ್ಷದಲ್ಲಿ ಹತ್ತು ಜನ ಸತ್ತ ಜಾಗ ಮಾತ್ರ ಆ ಪಟ್ಟಿಗೆ ಸೇರುತ್ತದಂತೆ. ಪಟ್ಟಿಗೆ ಸೇರಿದರೆ ಮಾತ್ರ ಹಣ.

ದೀಪದ ಕೆಲಸ ನೋಡಲು ರಾಜ್ಯದ ಇಲಾಖೆಯ ಇಂಜಿನಿಯರ್ ಬಂದಿದ್ದರು. ಚಿಕ್ಕ ವಯಸ್ಸು, ಮರ್ಯಾದೆಯ ಮನುಷ್ಯ.

“ಏನ್ ಸ್ವಾಮಿ ಇದು? ಸಾಯೋ ಜಾಗ ಅಲ್ಲಿ, ದೀಪ ಇಲ್ಲಿ?” ಎಂದೆ.

“ನಮ್ಮ ಲೆಕ್ಕ ನೋಡಿ ಯಜಮಾನ್ರೇ.” ಫೈಲಿನಿಂದ ಒಂದು ಹಾಳೆ ತೆಗೆದರು. “ಮೂರು ವರ್ಷದಲ್ಲಿ ಅಡ್ಡರಸ್ತೆಯಲ್ಲಿ ಹನ್ನೊಂದು ಸಾವು. ಹೆದ್ದಾರಿಯಲ್ಲಿ ಸೊನ್ನೆ. ರಾಜ್ಯದ ರಸ್ತೇಲಿ ಇಷ್ಟು ಜನ ಸತ್ತ ಮೇಲೆ ನಾವು ಸುಮ್ನೆ ಕೂರೋಕಾಗುತ್ತಾ? ಸುರಕ್ಷತೆಯ ಹಣ ಬಂತು, ಹಾಕಿದ್ವಿ.”

“ಅಡ್ಡರಸ್ತೇಲಿ ಒಂದು ಕೋಳಿ ಸಹ ಸತ್ತಿಲ್ಲ, ಸ್ವಾಮಿ.”

“ಪೊಲೀಸ್ ವರದಿ ಹಾಗೇ ಹೇಳುತ್ತೆ. ಎಲ್ಲಾ ಹನ್ನೊಂದೂ ಹೆಣ ಸಿಕ್ಕಿದ ಜಾಗ ಒಂದೇ. ಈ ಮರದ ಕೆಳಗೆ.”

ಪಂಚರ್ ನಗುತ್ತಿದ್ದವನು ನನ್ನ ಮುಖ ನೋಡಿದ. ನಾನು ಹಾಗೆಯೇ ಉಬ್ಬಿನ ಮೇಲೆ ಕುಳಿತೆ.

ಅವರನ್ನೆಲ್ಲ ಮರದ ಕೆಳಗೆ ತಂದವರು ನಾವು. ನಾನು ಗ್ಯಾಂಗಿಗೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಮೇಸ್ತ್ರಿ ಕಲಿಸಿದ ಕೆಲಸ ಅದು. ದಾರಿಯಲ್ಲಿ ಸತ್ತವನು ಯಾರೇ ಆಗಲಿ, ಬಿಸಿ ಟಾರಿನ ಮೇಲೆ ಬಿಡಬಾರದು. ಗೋಣಿತಾಟಿನ ಮೇಲೆ ಮಲಗಿಸಿ, ನಾಲ್ಕು ಮೂಲೆ ನಾಲ್ವರು ಹಿಡಿದು ಮರದ ನೆರಳಿಗೆ ತರಬೇಕು. ಕಣ್ಣು ಮುಚ್ಚಿಸಬೇಕು, ಚಪ್ಪಲಿ ಹುಡುಕಿ ಕಾಲ ಬಳಿ ಇಡಬೇಕು. ಮನೆಯವರು ಬಂದಾಗ ಮನುಷ್ಯನ ಹಾಗೆ ಕಾಣಬೇಕು. ನಾನು ಅದನ್ನು ನನ್ನ ಗ್ಯಾಂಗಿಗೆ ಕಲಿಸಿದೆ. ಹೆದ್ದಾರಿ ಕೈಬದಲಾದ ಮೇಲೂ ನಮ್ಮವರು ಅದನ್ನೇ ಮಾಡಿದರು. ನನಗೆ ಪಿಂಚಣಿಯಾದ ಮೇಲೂ ಏನಾದರೂ ಆದರೆ ನನ್ನನ್ನೇ ಕರೆಯುತ್ತಿದ್ದರು. ಗಂಟೆ ಬಿಟ್ಟು ಬರುವ ಪೇದೆ ಹೆಣ ಎಲ್ಲಿ ಕಂಡಿತೋ ಅಲ್ಲಿ ನಿಂತು ಬರೆದುಕೊಳ್ಳುತ್ತಿದ್ದ. ಅವನಿಗೂ ನೆರಳು ಬೇಕಲ್ಲ.

ನಾವು ಎತ್ತಿ ತಂದ ಒಬ್ಬೊಬ್ಬರೂ ಹೆದ್ದಾರಿಯಿಂದ ಅಳಿಸಿಹೋಗಿದ್ದರು.

ಅದೇ ತಿಂಗಳು ರಸ್ತೆ ಸುರಕ್ಷತೆಯ ಶಾಸಕರ ಸಮಿತಿ ಬಂತು. ಕಾರ್ಖಾನೆಯ ಊಟದ ಕೋಣೆಯಲ್ಲಿ ಮೇಜು ಜೋಡಿಸಿ, ಮೇಲೆ ಹಸಿರು ಬಟ್ಟೆ ಹಾಸಿದ್ದರು. ಅಧ್ಯಕ್ಷೆ ವಯಸ್ಸಾದ ಹೆಂಗಸು. ಅವರ ಬಲಕ್ಕೆ ನಮ್ಮ ಶಾಸಕರು, ಎಡಕ್ಕೆ ಸಂಸದರು, ಕೊನೆಯಲ್ಲಿ ಹೆದ್ದಾರಿ ಕಚೇರಿಯ ಅಧಿಕಾರಿ. ಮಗಳು ಅರ್ಧ ದಿನ ರಜೆ ಹಾಕಿ ನನ್ನ ಹಿಂದೆ ನಿಂತಿದ್ದಳು. “ಅಪ್ಪಾ, ಗಟ್ಟಿಯಾಗಿ ಹೇಳು. ಗೊಣಗಬೇಡ” ಎಂದು ಬೆನ್ನಿಗೆ ಬೆರಳಿಂದ ತಿವಿದಳು.

ಮೊದಲ ಅರ್ಧ ಗಂಟೆ ಶಾಸಕರೂ ಸಂಸದರೂ ಮಾತಾಡಿಕೊಂಡರು.

“ನಿಮ್ಮ ಕೇಂದ್ರ ನಯಾಪೈಸೆ ಬಿಚ್ಚಲ್ಲ.”

“ನಿಮ್ಮ ರಾಜ್ಯ ಜಮೀನೇ ಬಿಟ್ಟುಕೊಟ್ಟಿಲ್ಲ, ಹಣ ಕೊಟ್ರೆ ಏನು ಆಕಾಶದಲ್ಲಿ ಕಟ್ಟೋದಾ?”

“ಜಮೀನಿನ ಪತ್ರ ಮೂರು ಸಲ ಕಳಿಸಿದೀವಿ ಸ್ವಾಮೀ!”

ಅಧ್ಯಕ್ಷೆ ಮೇಜು ತಟ್ಟಿದರು. “ಸಾಕು. ಆ ಹಿರಿಯರು ಆಗಿಂದ ನಿಂತೇ ಇದ್ದಾರೆ.”

ನಾನು ಹೇಳಿದೆ. ಗೋಣಿತಾಟು, ನೆರಳು, ಪೇದೆ, ಎಲ್ಲ. ಆಮೇಲೆ ಸತ್ತವರನ್ನು ಒಬ್ಬೊಬ್ಬರಾಗಿ ಹೇಳಿದೆ. ಹಾಲಿನ ಕ್ಯಾನಿನ ಸೈಕಲ್ಲಿನವನು, ಎಡಗಡೆ ಎರಡನೇ ಸಾಲಿನಲ್ಲಿ. ಅಂಟು ಬಳಿಯುವ ವಿಭಾಗದ ಅಕ್ಕತಂಗಿಯರು, ಡಿವೈಡರಿನ ಸೀಳಿನ ಹತ್ತಿರ, ಒಬ್ಬಳ ಕೈ ಇನ್ನೊಬ್ಬಳ ಕೈಯಲ್ಲಿತ್ತು. ಗಾರೆ ಕೆಲಸದವನು, ತಲೆಯ ಮೇಲೆ ಬಾಣಲಿ ಇತ್ತು. ಹನ್ನೊಂದು ಜನ ಬಿದ್ದ ಜಾಗವನ್ನೂ ಕಣ್ಣು ಮುಚ್ಚಿಕೊಂಡು ತೋರಿಸಬಲ್ಲೆ ಎಂದೆ.

ಹೆದ್ದಾರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. “ಇದು ನೆನಪು. ದಾಖಲೆ ಅಲ್ಲ. ಮುಗಿದ ವರದಿ ತಿದ್ದೋಕೆ ಬರಲ್ಲ. ಅಲ್ಲದೆ ಪೊಲೀಸರು ಬರೋ ಮುಂಚೆ ಹೆಣ ಸರಿಸೋದು ಅಪರಾಧ. ಇವರು ಹನ್ನೊಂದು ಹೆಣ ಸರಿಸಿದೀನಿ ಅಂತ ತಾವೇ ಒಪ್ಕೋತಿದಾರೆ.”

“ಅಪರಾಧಾನಾ?” ಮಗಳು ಮುಂದೆ ಬಂದಳು. “ಗುದ್ದಿ ಹೋದವ್ರದ್ದಲ್ಲ, ಎತ್ತಿ ಮಲಗಿಸಿದವ್ರದ್ದು?”

“ಕೂತ್ಕೋಮ್ಮ,” ಎಂದರು ಶಾಸಕರು.

“ಕೂರೋಕೆ ಕುರ್ಚಿ ಇಲ್ಲ ಸಾರ್.”

ಹಿಂದೆ ಯಾರೋ ನಕ್ಕರು. ಅಧ್ಯಕ್ಷೆ ನಗಲಿಲ್ಲ. ನನ್ನನ್ನೇ ನೋಡಿ ಮೆತ್ತಗೆ ಹೇಳಿದರು: “ನಿಮ್ಮ ಮಾತು ನಾನು ನಂಬ್ತೀನಿ, ಹಿರಿಯರೇ. ಆದ್ರೆ ನನ್ನ ನಂಬಿಕೆಗೆ ಹಣ ಬಿಡುಗಡೆ ಆಗಲ್ಲ. ಇನ್ಮೇಲೆ ಸರಿಸಬೇಡಿ. ಬಿದ್ದಲ್ಲೇ ಬರೆಸಿ. ಹತ್ತು ಆದ ದಿನ ನಾನೇ ಮುಂದೆ ನಿಂತು ಮಾಡಿಸಿಕೊಡ್ತೀನಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಆಚೆ ಬಂದಮೇಲೆ ಮಗಳು ರಸ್ತೆ ನೋಡುತ್ತಾ ನಿಂತಳು.

“ಹತ್ತು ಅಂದ್ರೆ ಇವತ್ತಿನಿಂದ ಹೊಸದಾಗಿ ಹತ್ತು. ಅಲ್ವೇನಪ್ಪಾ?”

“ಹೂಂ.”

“ಅದ್ರಲ್ಲಿ ನಾನು ಎಷ್ಟನೆಯವಳಾಗಬೇಕು ಅಂತ ಕೇಳ್ಕೊಂಡು ಬರ್ಬೇಕಿತ್ತು ನೀನು.”

ಅವಳು ಅಷ್ಟು ಹೇಳಿ ಕಾರ್ಖಾನೆಗೆ ವಾಪಸು ಹೋದಳು. ನಾನು ಗ್ಯಾಂಗಿನವರನ್ನು ಕರೆದು, ಇನ್ನು ಮೇಲೆ ಯಾರೂ ಗೋಣಿತಾಟು ತರಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಎರಡು ತಿಂಗಳಾಗಿತ್ತು. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದ ಬಾಯ್ಲರಿನ ಕೆಲಸಗಾರನಿಗೆ ಟ್ಯಾಂಕರ್ ಹೊಡೆಯಿತು. ನಾನು ಹೋಗುವಷ್ಟರಲ್ಲಿ ಉಸಿರಿರಲಿಲ್ಲ. ಅವನು ನಮ್ಮ ಓಣಿಯವನೇ. ನನ್ನ ಮನೆಯ ನಲ್ಲಿ ಕೆಟ್ಟರೆ ಬಂದು ಸರಿಮಾಡಿ ಕೊಡುತ್ತಿದ್ದ. ಗ್ಯಾಂಗಿನ ಇಬ್ಬರು ಅಭ್ಯಾಸ ಬಲದಿಂದ ತಾಟು ಹಿಡಿದು ಓಡಿಬಂದರು.

“ಮುಟ್ಟಬೇಡಿ” ಎಂದೆ.

“ಮೇಸ್ತ್ರಿ, ಬಿಸಿಲು...”

“ಗೊತ್ತು. ಮುಟ್ಟಬೇಡಿ ಅಂದೆನಲ್ಲ.”

ಪಂಚರ್ ಹಳೆಯ ಟೈರುಗಳನ್ನು ಉರುಳಿಸಿಕೊಂಡು ಬಂದು ಸುತ್ತ ಇಟ್ಟ. ಗಾಡಿಗಳು ಪಕ್ಕದಲ್ಲೇ ಹಾರ್ನ್ ಹೊಡೆಯುತ್ತಾ ಹೋದವು. ತಾಟು ಹೊದಿಸಿದೆವು, ಒಂದೊಂದು ಲಾರಿ ಹೋದಾಗಲೂ ಗಾಳಿಗೆ ಹಾರಿ ಮುಖ ಕಾಣುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿದೆ. ಟಾರು ಕರಗಿ ನನ್ನ ಚಪ್ಪಲಿಗೆ ಅಂಟುತ್ತಿತ್ತು. ಅವನ ಬೆನ್ನು ಅದೇ ಟಾರಿನ ಮೇಲಿತ್ತು.

ಎರಡೂವರೆ ಗಂಟೆಯ ಮೇಲೆ ಮುಖ್ಯಪೇದೆ ಬಂದ. “ಏನ್ರೀ ಇದು, ಅರ್ಧ ರಸ್ತೆ ಬಂದ್ ಮಾಡಿದೀರಲ್ಲ! ಯಾವಾಗ್ಲೂ ಮರದ ಕೆಳಗೆ ಇಡ್ತಿದ್ರಿ, ಇವತ್ತೇನು ಕೈಗೆ ಲಕ್ವ ಹೊಡೆದಿತ್ತಾ?”

“ಮೊದ್ಲು ಬರೀರಿ ಸ್ವಾಮಿ. ಹೆದ್ದಾರಿ ಅಂತ ಬರೀರಿ. ಆಮೇಲೆ ಎತ್ತೋಣ.”

ಅವನು ಗೊಣಗುತ್ತಾ ಬರೆದ. ಬರೆದದ್ದನ್ನು ಓದಿ ಹೇಳಿ ಎಂದೆ; ಓದಿದ. ಹೆದ್ದಾರಿ ಎಂದೇ ಇತ್ತು. ಲೆಕ್ಕಕ್ಕೆ ಒಂದಾಯಿತು ಎಂದು ನನ್ನ ತಲೆಯೊಳಗೆ ತಾನಾಗಿ ಬಂತು. ಅದು ಬರುವುದನ್ನು ತಡೆಯಲು ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಸತ್ತವನ ಹೆಂಡತಿ ಬಂದಳು. ತವರಿಗೆ ಹೋಗಿದ್ದವಳು ಬಸ್ಸಿಳಿದು ನೇರ ಓಡಿಬಂದಿದ್ದಳು. ಟೈರುಗಳ ಆಚೆ ನಿಂತು ಮೊದಲು ತಾಟು ನೋಡಿದಳು, ಆಮೇಲೆ ನನ್ನನ್ನು.

“ಎಷ್ಟೊತ್ತಾಯ್ತು?”

ಮುಖ್ಯಪೇದೆ ಪುಸ್ತಕ ನೋಡಿ ಹೇಳಿದ.

“ಅಷ್ಟೊತ್ತಿಂದ ಹೀಗೇ?” ಎಂದಳು. “ಒಬ್ಬರೂ ಇರ್ಲಿಲ್ವಾ ನೆರಳಿಗೆ ತಗೊಂಡು ಹೋಗೋಕೆ?”

“ನಾನೇ ಬೇಡ ಅಂದೆ ತಾಯಿ” ಎಂದೆ. ಅಂಡರ್‌ಪಾಸು, ಪಟ್ಟಿ, ಹತ್ತು ಜನ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅವಳಿಗೆ ಹೇಳುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

ಅವಳು ಬಗ್ಗಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಗ್ಯಾಂಗಿನವರು ತಾಟು ತೆಗೆದು ಪಕ್ಕದಲ್ಲಿ ಹಾಸಿ ಅವನನ್ನು ಅದರ ಮೇಲೆ ಮಲಗಿಸಿದರು. ತಾಟಿನ ಮೂಲೆ ಹಿಡಿಯಲು ನಾನು ಕೈ ಚಾಚಿದೆ. “ನೀವು ಬೇಡ” ಎಂದಳು. ಗ್ಯಾಂಗಿನ ಇಬ್ಬರು, ಪಂಚರ್ ಮತ್ತು ಅವಳು ಮೂಲೆ ಹಿಡಿದು ಅವನನ್ನು ಎತ್ತಿ ಮರದ ಕಡೆ ನಡೆದರು.