ಸೇಡಿಗೆ ಬಿದ್ದ ಏಟು

ಜಾರ್ಜಿಯಾದಿಂದ ಉತ್ತರ ಡಕೋಟಕ್ಕೆ ಎರಡೂವರೆ ದಿನದ ದಾರಿ. ವರ್ನಾ ಸ್ಕಲ್ಲಿಯ ಟ್ರೇಲರಿನಲ್ಲಿ ಹನ್ನೊಂದು ಬೇಟೆನಾಯಿಗಳು, ಎರಡು ಕುದುರೆಗಳು. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ಅವುಗಳನ್ನು ಇಳಿಸಿ, ನೀರು ಕುಡಿಸಿ, ತಾನೊಂದು ತಣ್ಣನೆಯ ಕೋಳಿ ತುಂಡು ಕಚ್ಚಿಕೊಂಡು ಮತ್ತೆ ಸ್ಟೀರಿಂಗ್ ಹಿಡಿಯುತ್ತಿದ್ದಳು. ಇಪ್ಪತ್ತಾರು ವರ್ಷಗಳಿಂದ ಅವಳ ಬದುಕು ಇದೇ. ಸೆಪ್ಟೆಂಬರಿನಲ್ಲಿ ಉತ್ತರದ ಹುಲ್ಲುಗಾವಲಿನಲ್ಲಿ ಬೇಟೆನಾಯಿಗಳ ಸ್ಪರ್ಧೆಗಳು. ಚಳಿ ಬಿದ್ದರೆ ದಕ್ಷಿಣದಲ್ಲಿ ಸಿರಿವಂತರ ಲಾವುಗೆಹಕ್ಕಿ ಬೇಟೆಗೆ ನಾಯಿ ಒದಗಿಸುವುದು.

ಡಕೋಟದ ಸ್ಪರ್ಧೆಯಲ್ಲಿ ಆ ಬೆಳಗಿನ ಓಟಕ್ಕೆ ಅವಳ ನಾಯಿ ಟಾರ್‌ಗೆ ಜೋಡಿಯಾಗಿ ಬಿದ್ದದ್ದು ಸೇಡಿ ಎಂಬ ಎಳೆಯ ಹೆಣ್ಣುನಾಯಿ. ಒಡೆಯನ ಪರವಾಗಿ ಅದನ್ನು ಪಳಗಿಸಿ ತಂದವನು ಓರಿನ್ ಪ್ರುಯಿಟ್. ಇಬ್ಬರೂ ಕುದುರೆಯ ಮೇಲೆ ನಾಯಿಗಳ ಬೆನ್ನಿಗೆ, ಅವರ ಹಿಂದೆ ತೀರ್ಪುಗಾರ ಮುದುಕ ಹೌಗೆನ್. ಅರ್ಧ ಗಂಟೆಯೊಳಗೆ ಟಾರ್ ಗೌಜಲಹಕ್ಕಿಯ ವಾಸನೆ ಹಿಡಿದು, ಬಾಲ ನೆಟ್ಟಗೆ ಮಾಡಿ, ಮಿಸುಕದೆ ನಿಂತಿತು. ಅದನ್ನು ಕಂಡೊಡನೆ ಜೋಡಿ ನಾಯಿಯೂ ನಿಲ್ಲಬೇಕು. ಸೇಡಿ ನಿಲ್ಲಲಿಲ್ಲ. ನುಗ್ಗಿ ಹೋಗಿ ಹಿಂಡನ್ನೆಲ್ಲ ಎಬ್ಬಿಸಿಬಿಟ್ಟಿತು.

"ಓರಿನ್, ನಿನ್ನ ನಾಯಿ ಔಟು. ಕಟ್ಕೊಂಡು ನಡಿ," ಎಂದ ಹೌಗೆನ್.

"ಆಗ್ಲಿ ಸಾರ್. ಹೆಣ್ಣಲ್ವಾ, ಬುದ್ಧಿ ಬರೋದು ತಡ," ಎಂದು ಪ್ರುಯಿಟ್ ವರ್ನಾಳತ್ತ ಕಣ್ಣು ಮಿಟುಕಿಸಿ, ಸೇಡಿಯನ್ನು ದಿಬ್ಬದಾಚೆ ಎಳೆದೊಯ್ದ.

ಟಾರ್ ಮತ್ತೆ ಓಟ ಕಿತ್ತಿತ್ತು. ಗೆಲ್ಲುವ ನಾಯಿ, ವರ್ನಾ ಅದರ ಬೆನ್ನು ಬಿಡದೆ ಹೋಗಬೇಕಾಗಿತ್ತು; ಕಣ್ತಪ್ಪಿದರೆ ಸೋತಂತೆ. ಅಷ್ಟರಲ್ಲಿ ದಿಬ್ಬದಾಚೆಯಿಂದ ಚೀರಾಟ ಕೇಳಿಸಿತು. ಒಮ್ಮೆ, ಮತ್ತೊಮ್ಮೆ, ಆಮೇಲೆ ಎಡೆಬಿಡದೆ. ವರ್ನಾ ಕುದುರೆ ತಿರುಗಿಸಿದಳು.

ಸೇಡಿಯ ಕತ್ತನ್ನು ಹಗ್ಗದಿಂದ ಬೇಲಿಗಂಬಕ್ಕೆ ಬಿಗಿದು ಪ್ರುಯಿಟ್ ಕಬ್ಬಿಣದ ಸರಪಳಿಯಿಂದ ಬಾರಿಸುತ್ತಿದ್ದ. ನಾಯಿಯ ಒಂದು ಕಣ್ಣಿದ್ದ ಜಾಗದಲ್ಲಿ ಬರೀ ರಕ್ತ.

"ನಿಲ್ಸೋ!"

"ನಿಂಗ್ಯಾಕೇ? ನಿನ್ನ ನಾಯಿ ಕಳ್ಕೋತೀಯ, ಹೋಗು!"

ಅವಳು ಕುದುರೆಯನ್ನು ಅವನ ಮೇಲೇ ನುಗ್ಗಿಸಿದಳು. ಸರಪಳಿ ಕುದುರೆಯ ಮುಸುಡಿಗೆ ಬಿತ್ತು. ಅದು ಹಿಂಗಾಲ ಮೇಲೆ ಎದ್ದಿತು, ವರ್ನಾ ಭುಜ ಊರಿ ನೆಲಕ್ಕೆ ಬಿದ್ದಳು. ಏಳುವಷ್ಟರಲ್ಲಿ ಎರಡನೆಯ ಬೀಸು ಅವಳ ಕೆನ್ನೆ ಸೀಳಿತು. ಎರಡು ಹಲ್ಲು ನಾಲಿಗೆಯ ಮೇಲೆ ಉದುರಿದವು. ಉಗಿದಳು. ಸೊಂಟದಲ್ಲಿ, ಹಕ್ಕಿ ಎದ್ದಾಗ ಸದ್ದಿಗಷ್ಟೇ ಹಾರಿಸುವ, ಗುಂಡಿಲ್ಲದ ಪಿಸ್ತೂಲಿತ್ತು. ಅದನ್ನೇ ತಿರುಗಿಸಿ ಹಿಡಿದು ಹಿಡಿಯಿಂದ ಅವನ ಮಣಿಕಟ್ಟಿಗೆ ಕೊಟ್ಟಳು. ಮೂಳೆ ಲಟಕ್ಕೆಂದಿತು. ಸರಪಳಿ ಜಾರಿತು. ಆಮೇಲೆ ಮೂಗಿಗೆ. ಅವನು ಮಂಡಿಯೂರಿದ.

"ಸಾಕು... ಸಾಕು ಕಣೇ ವರ್ನಾ, ಬಿಟ್ಬಿಡು!"

ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆದರೂ ಹೊಡೆದಳು. ಮತ್ತೆ ಹೊಡೆದಳು. ತೋಳಿಗೆ ಎಂಥದೋ ಹಿತ ಹತ್ತಿತ್ತು. ನಿಲ್ಲಿಸುವ ಮನಸ್ಸೇ ಆಗಲಿಲ್ಲ. ಹೌಗೆನ್ ಹಿಂದಿನಿಂದ ಬಂದು ಕಾಲರ್ ಹಿಡಿದು ಎಳೆದ ಮೇಲೇ ಕೈ ನಿಂತದ್ದು.

"ಸಾಯಿಸ್ಬಿಡ್ತೀಯೇನಮ್ಮಾ?"

"ನಾಯಿ ನೋಡಿ ಸಾರ್, ಏನ್ ಮಾಡಿದಾನೆ!"

"ಅದನ್ನೂ ನೋಡ್ದೆ. ನಿನ್ನನ್ನೂ ನೋಡ್ದೆ."

ವರ್ನಾ ಚಾಕು ತೆಗೆದು ಹಗ್ಗ ಕತ್ತರಿಸಿ, ಸೇಡಿಯ ತಲೆ ಸವರಲು ಕೈ ಚಾಚಿದಳು. ನಾಯಿ ಉಚ್ಚೆ ಹೊಯ್ದುಕೊಂಡು, ಹೊಟ್ಟೆ ನೆಲಕ್ಕೆಳೆಯುತ್ತ ತೆವಳಿ, ಹೌಗೆನ್‌ನ ಬೂಟುಗಳ ಹಿಂದೆ ಅಡಗಿತು.

ಪಶುವೈದ್ಯರು ಕಣ್ಣು ತೆಗೆದರು, ಜೀವ ಉಳಿಸಿದರು. ಒಕ್ಕಣ್ಣಿನ ನಾಯಿ ತನಗೆ ಬೇಡವೆಂದು ಅದರ ಒಡೆಯ ಫೋನಿನಲ್ಲೇ ಹೇಳಿದ. ಹೌಗೆನ್ ಅದನ್ನು ತನ್ನ ಮನೆಗೆ ಒಯ್ದ. ಟಾರ್ ಸಂಜೆಗೆ ಮೂರು ಮೈಲಿಯಾಚೆ ಒಂದು ಕೊಳದ ಬಳಿ ಸಿಕ್ಕಿತು. ಪ್ರುಯಿಟ್‌ಗೆ ಇನ್ನು ಯಾವ ಸ್ಪರ್ಧೆಗೂ ಬರಕೂಡದೆಂದಾಯಿತು.

ಮಾರನೆಯ ದಿನ ಹೌಗೆನ್ ಸ್ಪರ್ಧೆಯ ಸಮಿತಿಗೆ ತಾನು ಬರೆದ ವರದಿ ಓದಿ ಹೇಳಿದ. ಜೀವ ಉಳಿಸಿಕೊಳ್ಳಲು ವರ್ನಾ ಎದುರೇಟು ಕೊಟ್ಟಳು ಎಂದಿತ್ತು. "ಇಷ್ಟು ಸಾಕು. ನಿಂಗೇನೂ ಆಗಲ್ಲ," ಎಂದ.

ಹೊಲಿಗೆ ಹಾಕಿದ ಕೆನ್ನೆ ಅಲುಗದಂತೆ ಅವಳು ಮೆಲ್ಲಗೆ ಹೇಳಿದಳು: "ಸಾಕು ಅಂತ ಬೇಡ್ಕೊಂಡ ಮೇಲೂ ಹೊಡ್ದೆ. ಅದನ್ನೂ ಬರೀರಿ."

"ಬರೆದ್ರೆ ನಿನ್ನನ್ನೂ ಎರಡು ವರ್ಷ ಸ್ಪರ್ಧೆಯಿಂದ ಹೊರಗಿಡ್ತಾರೆ."

"ಬರೀರಿ ಸಾರ್."

ಹೌಗೆನ್ ಬರೆದ. ವರ್ನಾ ಸಹಿ ಮಾಡಿ, ಹನ್ನೊಂದೂ ನಾಯಿಗಳನ್ನು, ಎರಡೂ ಕುದುರೆಗಳನ್ನು ಹತ್ತಿಸಿಕೊಂಡು, ಬಂದ ದಾರಿಯಲ್ಲೇ ದಕ್ಷಿಣಕ್ಕೆ ಹೊರಟಳು.