ಮೂಗಪ್ಪ ಹೊಗಳಿದ ವಿಸ್ಕಿ

ವಿಸ್ಕಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದ ಹಿರಿಯರನ್ನು ಎಲ್ಲರೂ ಮೂಗಪ್ಪ ಅಂತಲೇ ಕರೆಯುತ್ತಿದ್ದರು. ಹೊಸಬರು ಹೆಸರು ಕೇಳಿ, ಪಾಪ, ಮಾತು ಬಾರದವರೇನೋ ಅಂದುಕೊಳ್ಳುತ್ತಿದ್ದರು; ಅವರು ಬಾಯಿ ತೆರೆದರೆ ಆ ಅನುಮಾನ ಅಲ್ಲೇ ಪರಿಹಾರ. ಒಮ್ಮೆ ಮೂಸಿದರೆ ಸಾಕು, ಪೀಪಾಯಿಯ ಒಳಗುಟ್ಟೆಲ್ಲ ಹೊರಗೆ. ಹೊಗಳಿಕೆ ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಸೊಸೆಗೆ ಇದು ಮನೆಯಲ್ಲೂ ಗೊತ್ತು, ಕಾರ್ಖಾನೆಯಲ್ಲೂ ಗೊತ್ತು.

ಆ ವರ್ಷ ಯಜಮಾನಿಗೆ ಹೊಸದೊಂದು ಆಸೆ ಹುಟ್ಟಿತು. ರೈ ಧಾನ್ಯದ ಖಾರವಾದ ವಿಸ್ಕಿಗೆ, ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ಸೇಬು, ಮರಸೇಬು, ಪ್ಲಮ್ ಹಣ್ಣಿನ ಬ್ರಾಂದಿ ಬೆರೆಸಬೇಕು. ಸೊಸೆ ಮೊದಲ ಬೆರಕೆ ಮಾಡಿ ಮಾವನ ಮುಂದಿಟ್ಟಳು. "ಬಹಳ ಚೆನ್ನಾಗಿದೆ" ಅಂದರು. ಎರಡನೆಯದಕ್ಕೂ ಅದೇ ಮಾತು. ಅದರಲ್ಲಿ ಪ್ಲಮ್ ಎಷ್ಟು ಜಾಸ್ತಿಯಾಗಿತ್ತೆಂದರೆ ಅವಳಿಗೇ ಮುಖ ಕಿವಿಚುವಂತಾಗಿತ್ತು.

ಅದೇ ಸಂಜೆ ಮನೆಯಲ್ಲಿ ಹಾಲು ಸೀದು ತಳ ಹಿಡಿಯಿತು. ವಾಸನೆಗೆ ಅವಳು ಮಹಡಿಯಿಂದ ಓಡಿ ಬಂದರೆ, ಮಾವ ಒಲೆಗೆ ಬೆನ್ನು ಹಾಕಿ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಹಾಲು ಸೀದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಕೋಣೆಯ ಬಾಗಿಲು ಹಾಕಿ ಕೇಳಿದಳು. "ಮಾವ, ಹೋದ ತಿಂಗಳು ಜ್ವರ ಬಂದ್ಮೇಲೆ ನಿಮಗೆ ವಾಸನೆ ಗೊತ್ತಾಗ್ತಿಲ್ಲ ಅಲ್ವಾ?"

ಮೂಗಪ್ಪ ಕಿಟಕಿಯ ಕಡೆ ತಿರುಗಿದರು. "ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ ಕಾದೆ ಕಣಮ್ಮ. ಯಾರಿಗೂ ಹೇಳ್ಬೇಡ. ಮೂಗಿಲ್ಲದ ಮೂಗಪ್ಪನ್ನ ಕಟ್ಕೊಂಡು ಇವರೇನು ಮಾಡ್ತಾರೆ?"

"ಹೇಳಲ್ಲ. ಆದ್ರೆ ಸುಳ್ಳು ಹೊಗಳಿಕೆ ಬೇಡ ಮಾವ. ನಾನು ಮೂಸಿ ಹೇಳ್ತೀನಿ, ನೀವು ಬೈಯಿರಿ."

ಅವರಿಗೆ ನಗು ಬಂತು. ಅವಳು ಗ್ಲಾಸ್ ಎತ್ತಿಕೊಂಡಳು. "ಮೊದಲು ರೈ ಮೂಗಿಗೆ ಚುಚ್ಚುತ್ತೆ, ಮೆಣಸು ಕುಟ್ಟಿದ ಹಾಗೆ. ಆಮೇಲೆ ಬರೀ ಸೇಬು. ಮರಸೇಬು ಎಲ್ಲಿ ಹೋಯ್ತೋ!"

"ಅದು ನಾಚಿಕೆ ಸ್ವಭಾವದ್ದು. ಸೇಬಿನ ಬಾಯಿ ಮುಚ್ಚಿಸು, ತಾನಾಗೇ ಮಾತಾಡುತ್ತೆ." ಅವರು ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗುಳಿದರು. "ನಾಲಿಗೆ ಇನ್ನೂ ಸತ್ತಿಲ್ಲ. ಕೊನೇಲಿ ಒಗರು ನಿಲ್ತಿದೆ. ಪ್ಲಮ್ ಬ್ರಾಂದಿ ಮರದಲ್ಲಿ ಜಾಸ್ತಿ ಕೂತುಬಿಟ್ಟಿದೆ, ಇನ್ನೂ ಎಳೇದು ಹಾಕಿ ನೋಡು."

ಹೀಗೇ ಇಬ್ಬರೂ ವಾರಗಟ್ಟಲೆ ಬೆರೆಸಿದರು, ಚೆಲ್ಲಿದರು, ಮತ್ತೆ ಬೆರೆಸಿದರು.

ಯಜಮಾನಿ ರುಚಿ ನೋಡಲು ಬಂದರು. ಮೊದಲ ಗುಟುಕಿಗೆ ಕಣ್ಣು ಮುಚ್ಚಿದರು. ಎರಡನೆಯದನ್ನು ಉಗುಳಲೇ ಇಲ್ಲ. "ಖಾರ ಇಳಿದ ಮೇಲೆ ಹಣ್ಣು ಬರುತ್ತೆ! ಮೂಗಪ್ಪನೋರೇ, ನಿಮ್ಮನ್ನ ಬಿಟ್ರೆ ಇಲ್ಲ."

ಸೊಸೆ ತಲೆ ತಗ್ಗಿಸಿ ಗ್ಲಾಸುಗಳನ್ನು ಜೋಡಿಸತೊಡಗಿದಳು. ಮೂಗಪ್ಪ ಅವಳನ್ನು ಮುಂದಕ್ಕೆ ಕರೆದರು. "ಇದು ಇವಳು ಮಾಡಿದ್ದು. ಜ್ವರ ಬಂದಾಗಿಂದ ನನಗೆ ವಾಸನೆಯೇ ಇಲ್ಲ. ಮರಸೇಬು ಹೇಗಿದೆ ಅಂತ ಇವಳು ಹೇಳಿದ್ರೇನೇ ನನಗೆ ಗೊತ್ತು."

ಯಜಮಾನಿ ಗ್ಲಾಸ್ ಕೆಳಗಿಟ್ಟರು. ಅವರ ದನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು. "ನನಗೆ ಮೊದಲೇ ಹೇಳ್ಬಾರದಿತ್ತಾ?"

"ಹೆದರಿಕೆ ಆಯ್ತು" ಅಂದರು ಮೂಗಪ್ಪ.

ಯಜಮಾನಿ ಸೊಸೆಯ ಕಡೆ ತಿರುಗಿದರು. "ಇನ್ಮೇಲೆ ಈ ಕೋಣೇಲಿ ಕೊನೇ ಮಾತು ನಿನ್ನದು. ಇವರು ಪಕ್ಕದಲ್ಲಿ ಕೂತು ಕಲಿಸಲಿ."

ಮನೆಗೆ ಹೋಗುವ ಬಸ್ಸಿನಲ್ಲಿ ಮೂಗಪ್ಪ ಕಣ್ಣೊರೆಸಿಕೊಂಡರು. ಸೊಸೆ ನೋಡಿಯೂ ನೋಡದಂತೆ ಇದ್ದಳು.

"ಮನೇಲಿ ನನ್ನ ಮಗನಿಗೆ ನೀನೇ ಹೇಳಮ್ಮ" ಅಂದರು. "ನನಗೆ ಬಾಯಿ ಬರಲ್ಲ."

"ಹೇಳ್ತೀನಿ. ನೀವು ಪಕ್ಕದಲ್ಲಿರಿ, ಸಾಕು."

ಅವರು ಹೂಂ ಅಂದು, ಅವಳ ಕೈಯಲ್ಲಿದ್ದ ಚೀಲ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.