ಎಸ್ ಅಂದ್ರೆ ಸ್ಟೆಪ್ನಿ

ನಾನು ಒಂದು ಟೈರು. ಬರೀ ಟೈರಲ್ಲ, ಮೀಸೆ ಇರುವ ಟೈರು. ನಗಬೇಡಿ. ನಮ್ಮನ್ನು ಅಚ್ಚಿನಲ್ಲಿ ಬೇಯಿಸುವಾಗ ಸಣ್ಣ ಸಣ್ಣ ತೂತುಗಳಿಗೆ ರಬ್ಬರು ನುಗ್ಗುತ್ತದೆ. ಹೊರಗೆ ಬಂದಾಗ ಮೈತುಂಬ ಎಳೆ ಎಳೆಯಾಗಿ ನಿಂತಿರುತ್ತದೆ. ಅದೇ ನಮ್ಮ ಮೀಸೆ. ರಸ್ತೆಗಿಳಿದ ಟೈರಿನ ಮೀಸೆ ಕೆಲವು ದಿನದಲ್ಲೇ ಸವೆದುಹೋಗುತ್ತದೆ. ನನ್ನದು ಒಂಬತ್ತು ವರ್ಷ ಉಳಿಯಿತು. ಅದನ್ನು ಅದೃಷ್ಟ ಅಂದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹುಟ್ಟಿದ ದಿನವೇ ನಮ್ಮ ಕೆನ್ನೆಯ ಮೇಲೆ ಜಾತಕ ಒತ್ತಿಬಿಡುತ್ತಾರೆ. ಮನುಷ್ಯರ ಜಾತಕಕ್ಕೆ ಜೋಯಿಸರ ಮನೆಗೆ ಅಲೆಯಬೇಕು. ನಮ್ಮದು ಎಲ್ಲರ ಕಣ್ಣೆದುರಿಗೇ ಇರುತ್ತದೆ, ಓದುವವರು ಮಾತ್ರ ಇಲ್ಲ. ನನ್ನ ಜಾತಕದಲ್ಲಿ 74 ಎಂದಿತ್ತು, ಅದು ನಾನು ಹೊರಬಲ್ಲ ಭಾರದ ಗುರುತು. ಪಕ್ಕದಲ್ಲಿ S ಎಂದಿತ್ತು, ಅದು ವೇಗದ ಗುರುತು. ಎಸ್ ಎಂದರೆ ಗಂಟೆಗೆ ನೂರ ಎಂಬತ್ತು ಕಿಲೋಮೀಟರ್ ಓಟವನ್ನೂ ತಡೆಯಬಲ್ಲೆ ಎಂದರ್ಥ. ಇನ್ನೊಂದು ಮೂಲೆಯಲ್ಲಿ 3213, ಅಂದರೆ ಎರಡು ಸಾವಿರದ ಹದಿಮೂರನೇ ಇಸವಿಯ ಮೂವತ್ತೆರಡನೇ ವಾರ ಹುಟ್ಟಿದವನು ನಾನು.

ನನ್ನನ್ನು ಕೊಂಡವರು ಶಿರಾದ ಓಲಗದ ಸಂಜೀವಯ್ಯ. ಮದುವೆಗಳಿಗೆ ನಾಗಸ್ವರ ನುಡಿಸುವವರು. ತಮ್ಮ ತಂಡ ತಿರುಗಾಡಲಿ ಎಂದು ಹಳೆಯ ವ್ಯಾನೊಂದನ್ನು ತಂದು, ಅದಕ್ಕೆ ಐದು ಹೊಸ ಟೈರು ಕೊಂಡರು. ಯಾರನ್ನು ಎಲ್ಲಿಗೆ ಹಾಕುವುದು ಎಂದು ನೋಡುವಾಗ, ಅವರ ಭಾವಮೈದ, ಡೋಲಿನ ರಂಗಧಾಮಯ್ಯ ನನ್ನ ಕೆನ್ನೆಯ ಮೇಲೆ ಬೆರಳಿಟ್ಟ.

“ಭಾವ, ನೋಡಿಲ್ಲಿ, ಎಸ್ ಅಂತ ಬರ್ದವ್ರೆ. ಎಸ್ ಅಂದ್ರೆ ಸ್ಟೆಪ್ನಿ. ಕಂಪ್ನಿಯೋರೇ ಇದ್ನ ಸ್ಟೆಪ್ನಿಗೆ ಅಂತ ಮಾಡವ್ರೆ.”

“ಹೌದೇನ್ಲಾ? ಹಂಗಾದ್ರೆ ಹಿಂದಕ್ಕೆ ಹಾಕು.”

ಅಷ್ಟೇ. ನನ್ನ ಹಣೆಬರಹ ಮುಗಿಯಿತು. ಉಳಿದ ನಾಲ್ವರ ಕೆನ್ನೆಯ ಮೇಲೂ ಅದೇ ಎಸ್ ಇತ್ತು. ಯಾರು ನೋಡಬೇಕು! ಅವರು ಚಕ್ರಗಳಾದರು, ನಾನು ಹಿಂದಿನ ಸೀಟಿನ ಕೆಳಗೆ ಸೇರಿದೆ.

ಆ ಕತ್ತಲೆಯಲ್ಲಿ ನನಗೆ ಕಾಣುತ್ತಿದ್ದದ್ದು ಜನರ ಕಾಲು ಮಾತ್ರ. ಪಂಚೆಯಂಚು, ಹವಾಯಿ ಚಪ್ಪಲಿ, ತಾಳ ಹಾಕುವ ಹೆಬ್ಬೆರಳು. ಆದರೆ ಕಿವಿಗೆ ಬರವಿರಲಿಲ್ಲ. ಸಂಜೀವಯ್ಯ ಮೋಹನ ರಾಗ ಹಿಡಿದರೆ ನನ್ನೊಳಗಿನ ಗಾಳಿಯೂ ತೂಗುತ್ತಿತ್ತು. ಆಯುಧಪೂಜೆಯ ದಿನ ನನ್ನನ್ನೂ ಹೊರಗೆ ತಂದು ತೊಳೆದು, ವಿಭೂತಿ ಬಳಿದು, ಕುಂಕುಮ ಇಡುತ್ತಿದ್ದರು. ನಿಂಬೆಹಣ್ಣು ಮಾತ್ರ ನಾಲ್ಕೇ. ನಾಲ್ವರೂ ಪಚಕ್ಕನೆ ತುಳಿದು ಮುಂದೆ ಹೋಗುವುದನ್ನು ನೋಡುತ್ತಾ ನಾನು ಗೋಡೆಗೆ ಒರಗಿಕೊಂಡಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕಾಲ ಕಳೆದು ಆ ನಾಲ್ವರೂ ಸವೆದರು. ಈಗಲಾದರೂ ನನ್ನ ಸರದಿ ಬಂತು ಎಂದುಕೊಂಡೆ. ಸಂಜೀವಯ್ಯ ನನ್ನ ಮೀಸೆ ಸವರಿ, “ಇದಿನ್ನೂ ಹೊಸ್ದು ಕಣ್ಲಾ, ಯಾಕ್ ಕೆಡಿಸ್ಬೇಕು? ಇರ್ಲಿ ಬಿಡು” ಎಂದು ಎಲ್ಲೋ ಓಡಿ ಬಂದ ಹಳೆಯ ಟೈರುಗಳನ್ನು ತಂದು ಹಾಕಿಸಿದರು. ಹೊಸ ಸೀರೆಯನ್ನು ಪೆಟ್ಟಿಗೆಯಲ್ಲೇ ಇಟ್ಟು ಮಡಿಕೆ ಮಡಿಕೆಯಲ್ಲಿ ಹರಿಯಲು ಬಿಡುವವರಿಲ್ಲವೇ, ಹಾಗೆ. ಒಳಗೊಳಗೇ ನನ್ನ ಮೈ ಒಣಗುತ್ತಿತ್ತು. ಕೆನ್ನೆಯಲ್ಲಿ ಸಣ್ಣ ಬಿರುಕುಗಳು ಮೂಡಿದವು. ಆದರೂ ಹಟ ಬಿಡಲಿಲ್ಲ. ಒಂದು ದಿನ ರಸ್ತೆಗೆ ಇಳಿದೇ ಇಳಿಯುತ್ತೇನೆ ಎಂದುಕೊಂಡೆ.

ಆ ದಿನ ಬಂತು. ಹಿರಿಯೂರಿನಲ್ಲಿ ಸಂಜೀವಯ್ಯನವರ ಗುರು ಈರಬಡಪ್ಪನವರ ಮೊಮ್ಮಗಳ ಮದುವೆ. ಗುರುವಿಗೆ ವಯಸ್ಸಾಗಿ ಹಲ್ಲು ಬಿದ್ದು, ಊದುವ ಉಸಿರೂ ಉಳಿದಿರಲಿಲ್ಲ. ವಾರದ ಹಿಂದೆ ಶಿರಾಕ್ಕೆ ಬಂದು, ವ್ಯಾನಿನ ಬಾಗಿಲು ಹಿಡಿದು ನಿಂತು ಹೇಳಿದ್ದರು.

“ಸಂಜೀವ, ನನ್ ಮೊಮ್ಮಗಳ ತಾಳಿ ಮೊಬೈಲ್ ಓಲಗದಾಗೆ ಬೀಳ್ಬಾರ್ದು ಕಣಪ್ಪ. ನನ್ ಉಸಿರು ನಿನ್ ತಾವ ಐತೆ. ನೀನೇ ಬಂದು ಊದ್ಬೇಕು.”

“ಮಾತು ಕೊಟ್ಟೆ ಗುರುವೇ. ತೆವಳ್ಕಂಡಾದ್ರೂ ಬತ್ತೀನಿ” ಎಂದಿದ್ದರು ಸಂಜೀವಯ್ಯ.

ಅರ್ಧ ದಾರಿಯಲ್ಲಿ, ಹೆದ್ದಾರಿಯ ಸೇತುವೆಯ ಮೇಲೆ, ಮುಂದಿನ ಎಡಗಡೆಯ ಹಳೆಯ ಟೈರು ಢಮ್ ಎಂದಿತು. ವ್ಯಾನು ಓಲಾಡಿ ತಡೆಗೋಡೆಗೆ ಮೂತಿ ಉಜ್ಜಿ ನಿಂತಿತು. ಯಾರಿಗೂ ಏಟಾಗಲಿಲ್ಲ, ಆದರೆ ಎಂಜಿನ್ನಿನ ನೀರೆಲ್ಲ ರಸ್ತೆಗೆ ಸುರಿಯಿತು. ಗಾಡಿ ಓಡುವ ಹಾಗಿಲ್ಲ, ಆ ಇಕ್ಕಟ್ಟಿನ ಸೇತುವೆಯ ಮೇಲೆ ಬಿಟ್ಟು ಹೋಗುವ ಹಾಗೂ ಇಲ್ಲ. ಮದುವೆಯ ಕಾಲ, ಕೈ ಅಡ್ಡ ಹಾಕಿದರೂ ಒಂದು ವಾಹನವೂ ನಿಲ್ಲಲಿಲ್ಲ. ಕೊನೆಗೆ ನಿಂತದ್ದು, ಕೆಟ್ಟ ಗಾಡಿ ಎಳೆಯುವ ಟೋಯಿಂಗ್ ಲಾರಿ. ಅದರ ಡ್ರೈವರ್ ಪಾಲಾಕ್ಷಿ, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಇಳಿದು ಬಂದ.

“ಈ ಗಾಡಿಗೆ ಹಿಂದಿನ ಚಕ್ರದಾಗೆ ಶಕ್ತಿ. ಹಿಂದಿನ್ವೆರಡನ್ನ ಟೈರ್ ಸಮೇತ ಹಿಡಿದು ಎತ್ತಿ ನೇತಾಕ್ತೀನಿ, ಅವ್ನ ಬಿಚ್ಚಂಗಿಲ್ಲ, ಮುಂದಿನ್ವು ನೆಲದ ಮ್ಯಾಲೆ ಉರುಳ್ಬೇಕು. ಮುಂದ್ಕೆ ಒಂದ್ ಟೈರ್ ಬೇಕಲ್ಲ, ಸ್ಟೆಪ್ನಿ ಐತಾ?”

“ಐತೆ! ಹೊಸ ಮದ್ವೆಗಂಡ್ ಇದ್ದಂಗೈತೆ, ಮೀಸೆ ನೋಡು!” ಎಂದು ರಂಗಧಾಮಯ್ಯ ನನ್ನನ್ನು ಬಿಸಿಲಿಗೆ ಉರುಳಿಸಿದ. ಎಂಥ ಬೆಳಕು! ನನ್ನ ಎದೆ ಉಬ್ಬಿತು.

ಪಾಲಾಕ್ಷಿ ಮೀಸೆ ನೋಡಲಿಲ್ಲ. ಧೂಳು ಒರೆಸಿ ಕೆನ್ನೆ ನೋಡಿದ. “ಹದಿಮೂರ್ನೇ ಇಸ್ವಿದು ಕಣ್ರೀ. ಓಡದೆ ಮುದುಕ ಆಗವ್ನೆ. ಹಿಂಗೇ ಮೀಸೆ ನಂಬಿ ನಾನೂ ಒಂದ್ಸಲ ಗುಂಡಿಗೆ ಬಿದ್ದೀನಿ.”

“ಅದು ಸ್ಟೆಪ್ನಿ ಟೈರು, ಎಸ್ ಅಂತ ಬರ್ದೈತಲ್ಲ” ಎಂದ ರಂಗಧಾಮಯ್ಯ.

“ಅಯ್ಯೋ ನಿಮ್ಮ! ಅದು ಸ್ಪೀಡು ಕಣಪ್ಪ. ನೂರೆಂಬತ್ರಾಗೆ ಓಡೋ ಟೈರು.”

“ಅಂಗಾರೆ ಎಪ್ಪತ್ನಾಕು? ಎಪ್ಪತ್ನಾಕು ಕೆ.ಜಿ.ನಾ? ನಾನೊಬ್ನೇ ತೊಂಬತ್ತಿದೀನಿ!”

“ಅದು ಗುರುತು. ಮುನ್ನೂರೆಪ್ಪತ್ತೈದು ಕೆ.ಜಿ. ತಡೀತದೆ, ಹೊಸದಿದ್ದಾಗ.”

ಸಂಜೀವಯ್ಯ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿರುಕುಗಳ ಮೇಲೆ ಬೆರಳಾಡಿಸಿದರು. ನಾಗಸ್ವರದ ಬಾಯಿಗೆ ಸಿಕ್ಕಿಸುವ ಸೀವಾಳಿಯನ್ನು ಬಿರುಕು ನೋಡಲು ಅವರು ಹೀಗೇ ಸವರುತ್ತಿದ್ದರು.

“ಊದದೆ ಇಟ್ಟ ಸೀವಾಳಿ ಒಣಗಿ ಸೀಳ್ತದೆ” ಎಂದರು ಮೆಲ್ಲಗೆ. “ಅದ್ನ ತಿಳಿದಿದ್ದೋನು ನಾನು, ಇದ್ನ ತಿಳೀನಿಲ್ವಲ್ಲ. ಚೆನ್ನಾಗಿರ್ಲಿ ಅಂತ ಇಟ್ಟು ಕೊಂದ್ಬಿಟ್ಟೆ ನಿನ್ನ.”

ನನಗೆ ಅಳು ಬಂತು. ಟೈರು ಅಳುವುದಿಲ್ಲ ಎನ್ನುವವರು ಒಂಬತ್ತು ವರ್ಷ ಸೀಟಿನ ಕೆಳಗೆ ಕೂತು ನೋಡಲಿ.

ಪಾಲಾಕ್ಷಿ ಆಕಾಶ ನೋಡಿದ, ರಸ್ತೆ ನೋಡಿದ. “ತುಂಬಿದ ಗಾಡಿಗೆ ಇದ್ನ ಹಾಕಾಕೆ ಬಿಲ್ಕುಲ್ ಬಿಡ್ತಿರ್ಲಿಲ್ಲ. ಖಾಲಿ ಗಾಡಿ, ನಿಧಾನಕ್ಕೆ ಹೋದ್ರೆ ತಡೀಬೌದು. ಜನ, ಡೋಲು, ಎಲ್ಲಾ ನನ್ ಕ್ಯಾಬಿನ್ನಿಗೆ ಬರ್ಲಿ. ಇದು ಒಡೀತೋ, ಗಾಡಿ ಅಲ್ಲೇ ಅಡ್ಡ ಬಿದ್ದು ನಾವೂ ಅಲ್ಲೇ. ಮುಹೂರ್ತ ಮರ್ತ್ಬಿಡಿ.”

ನನಗೆ ಗಾಳಿ ತುಂಬಿ ಬಿಗಿದರು. ಸ್ಟೀರಿಂಗನ್ನು ಹಗ್ಗದಿಂದ ಕಟ್ಟಿದರು. ಸಂಜೀವಯ್ಯ ನನ್ನನ್ನು ಮುಟ್ಟಿ, “ಕೈ ಬಿಡ್ಬ್ಯಾಡಪ್ಪ” ಎಂದರು. ಲಾರಿ ಹೊರಟಿತು. ಒಂಬತ್ತು ವರ್ಷ ಕಾದ ಓಟ, ಅದೂ ಹಿಂದುಮುಂದಾಗಿ! ಊರು ಬಿಟ್ಟು ಓಡಿಹೋಗುತ್ತಾ ಹಿಂದಿರುಗಿ ನೋಡುವವನಂತೆ ಶಿರಾದ ಕಡೆಗೆ ಮುಖ ಮಾಡಿಕೊಂಡೇ ಹಿರಿಯೂರಿಗೆ ಉರುಳಿದೆ.

ಟಾರು ಕೆಂಡದಂತೆ ಕಾದಿತ್ತು. ಮೊದಲ ಸುತ್ತಿಗೇ ಮೀಸೆ ಉದುರತೊಡಗಿತು. ಆಹಾ, ಆ ಸುಖ! ಆದರೆ ಸುಖದ ಬೆನ್ನಿಗೇ ನೋವು ಬಂತು. ಬಿರುಕು ಒಂದೊಂದೇ ಬಾಯಿ ಬಿಡುತ್ತಾ ಒಳಗಿನ ದಾರದವರೆಗೂ ಇಳಿಯಿತು. ನಡುವೆ ಪಾಲಾಕ್ಷಿ ನಿಲ್ಲಿಸಿ ಅಂಗೈಯಿಟ್ಟು ನೋಡಿದ. “ಕಾದವ್ನೆ. ಆರ್ಲಿ” ಎಂದ. ಮುಹೂರ್ತ ಹತ್ತಿರವಾಗುತ್ತಿತ್ತು. ರಂಗಧಾಮಯ್ಯ ಚಡಪಡಿಸಿ, “ಓಗೇಬಿಡಾನ ಭಾವ” ಎಂದ. “ಸುಮ್ಕಿರ್ಲಾ. ದಣಿದೋನ್ನ ಹೊಡೀಬಾರ್ದು” ಎಂದರು ಸಂಜೀವಯ್ಯ. ಆ ಒಂದು ಮಾತು ನನಗೆ ಸಾಕಾಯಿತು. ಒಡೆಯುವುದಿಲ್ಲ, ಒಡೆಯುವುದಿಲ್ಲ ಎಂದರೆ ಒಡೆಯುವುದಿಲ್ಲ. ಆ ಮುದಿ ಗುರುವಿನ ಉಸಿರು ಮಂಟಪ ಮುಟ್ಟುವವರೆಗೆ ನನ್ನ ಉಸಿರು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಉರುಳಿದೆ.

ಕಲ್ಯಾಣ ಮಂಟಪದ ಬಾಗಿಲಲ್ಲಿ ಲಾರಿ ನಿಂತಾಗ, ಒಳಗೆ ಸ್ಪೀಕರಿನವನು ಮೊಬೈಲ್ ಕೈಗೆ ತೆಗೆದುಕೊಂಡಿದ್ದನಂತೆ. ಸಂಜೀವಯ್ಯ ಸೀವಾಳಿಯನ್ನು ಬಾಯಲ್ಲಿ ನೆನೆಸುತ್ತಲೇ ಕ್ಯಾಬಿನ್ನಿನಿಂದ ಹಾರಿದರು. ರಂಗಧಾಮಯ್ಯ ಡೋಲು ಹೊತ್ತು ಓಡಿದ. “ಗಟ್ಟಿಮೇಳ! ಗಟ್ಟಿಮೇಳ!” ಎಂಬ ಕೂಗು ಕೇಳಿತು. ಅದರ ಹಿಂದೆಯೇ ನಾಗಸ್ವರ ಎದ್ದಿತು, ಡೋಲು ಗುಡುಗಿತು. ಅಷ್ಟು ವರ್ಷ ಕೇಳಿದ ಓಲಗವನ್ನು ಮೊದಲ ಸಲ ಬಯಲಲ್ಲಿ ನಿಂತು ಕೇಳಿದೆ. ಈರಬಡಪ್ಪನವರು ಮೊಮ್ಮಗಳ ಕಡೆಗೂ ನೋಡದೆ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು ಎಂದು ಆಮೇಲೆ ಪಾಲಾಕ್ಷಿ ಹೇಳಿದ.

ಊಟವಾದ ಮೇಲೆ ವ್ಯಾನನ್ನು ಶೆಡ್ಡಿಗೆ ಎಳೆಯಬೇಕಿತ್ತು. ರಂಗಧಾಮಯ್ಯ ಮಂಟಪದ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ಹಿಡಿದು ಬಂದ. ಬಗ್ಗಿ ನನ್ನ ಕೆಳಗೆ ಇಟ್ಟ.

“ಎಸ್ ಅಂದ್ರೆ ಏನ್ಲಾ?” ಎಂದು ಸಂಜೀವಯ್ಯ ಛೇಡಿಸಿದರು.

ಅವನು ಮೂಗು ಒರೆಸಿಕೊಂಡ. “ಸರದಾರ, ಭಾವ.”

ಪಚಕ್! ನನ್ನ ಮೊದಲ ನಿಂಬೆಹಣ್ಣು. ಕೊನೆಯದೂ ಅದೇ.

ಸಂಜೀವಯ್ಯ ಈಗ ಹೊಸ ಟೈರು ತಂದರೆ ಕನ್ನಡಕ ಹಾಕಿಕೊಂಡು ಕೆನ್ನೆಯ ಜಾತಕ ಓದುತ್ತಾರೆ. ಸ್ಟೆಪ್ನಿಯನ್ನೂ ಸರದಿಯ ಮೇಲೆ ಓಡಿಸುತ್ತಾರೆ. ನನ್ನನ್ನು ಪಾಲಾಕ್ಷಿ ಕೇಳಿ ಪಡೆದುಕೊಂಡ. ಅವನ ಲಾರಿಯ ಮೂತಿಗೆ ಸರಪಳಿಯಲ್ಲಿ ನೇತುಹಾಕಿದ್ದಾನೆ. ಕೆಟ್ಟ ಗಾಡಿಗಳನ್ನು ದಾರಿಯಿಂದ ತಳ್ಳುವಾಗ ನಡುವೆ ನಿಂತು ಏಟು ತಿನ್ನುವುದು ನನ್ನ ಕೆಲಸ. ಮಳೆ, ಬಿಸಿಲು, ಧೂಳು ಎಲ್ಲವೂ ನನ್ನ ಮೇಲೇ. ಇನ್ನೇನು ಬೇಕು?

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಜನ ಜಂಬ ಕೊಚ್ಚಿಕೊಳ್ಳುತ್ತಾರೆ. ನಾನು ಬೀಳಲಿಲ್ಲ, ಸ್ವಾಮಿ. ನನ್ನ ಮೀಸೆ ಮಣ್ಣಾಯಿತು.